ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು

(ಅಂತರ್ಜಾಲದಲ್ಲಿ ಮರೆಸಿದ ಹೆಸರು, ಕೃತಿಸ್ವಾಮ್ಯ ಮತ್ತು ನಮ್ಮ ವಿದ್ಯಾರ್ಥಿಗಳು: ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)

 

ಮೊಬೈಲ್ ಮತ್ತು ಶಿಕ್ಷಣ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಸಂಘದವರು ತಿಳಿಸಿದ್ದಾರೆ. ಮೊಬೈಲಿನಿಂದ ಕಣ್ಣು ಹಾಳು, ಓದು ಹಾಳು ಎಂದು ನಾನು ಶುರು ಮಾಡಿದರೆ ಮಕ್ಕಳು ಈಗಲೇ ಆಕಳಿಸಲು ತೊಡಗುತ್ತಾರೆ. ಆದುದರಿಂದ ಅದನ್ನು ಬಿಟ್ಟು, ಮಕ್ಕಳೇ ತರಗತಿಯಲ್ಲಿ ಆಗಾಗ ಕೇಳುವ ಒಂದು ಪ್ರಶ್ನೆಯನ್ನು ಇಂದಿನ ವಿಷಯವನ್ನಾಗಿ ಮಾಡಿಕೊಳ್ಳುತ್ತೇನೆ. ಪ್ರಶ್ನೆ ಹೀಗಿದೆ: "ಪುಸ್ತಕದ ಪಿ.ಡಿ.ಎಫ್. ಟೆಲಿಗ್ರಾಂನಲ್ಲಿ ಪುಕ್ಕಟೆ ಸಿಗುತ್ತದೆ, ಹೊಸ ಸಿನೆಮಾವೂ ಸಿಗುತ್ತದೆ. ಹಾಕಿದವನ ಹೆಸರೂ ಇಲ್ಲ, ತೆಗೆದುಕೊಂಡವನ ಹೆಸರೂ ಇಲ್ಲ. ಅದರಲ್ಲಿ ತಪ್ಪೇನು? ಯಾರು ಹಿಡಿಯುತ್ತಾರೆ?"

ಇದರಲ್ಲಿ ಎರಡು ಪ್ರಶ್ನೆಗಳಿವೆ. ತಪ್ಪೇನು ಎಂಬುದು ಒಂದು, ಯಾರು ಹಿಡಿಯುತ್ತಾರೆ ಎಂಬುದು ಇನ್ನೊಂದು. ಎರಡಕ್ಕೂ ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ. ಜೊತೆಗೆ ಮಕ್ಕಳು ಕೇಳದೆ ಬಿಟ್ಟ ಮೂರನೆಯ ಪ್ರಶ್ನೆಯೊಂದಿದೆ. ಪುಸ್ತಕ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದ ವಿದ್ಯಾರ್ಥಿ ಏನು ಮಾಡಬೇಕು? ನನ್ನ ದೃಷ್ಟಿಯಲ್ಲಿ ಅದೇ ದೊಡ್ಡ ಪ್ರಶ್ನೆ.

ಬರೆದವರ ಹಕ್ಕು

ಕೃತಿಸ್ವಾಮ್ಯ ಎಂದರೆ ಬರೆದವನಿಗೆ, ಹಾಡಿದವನಿಗೆ, ಚಿತ್ರ ತೆಗೆದವನಿಗೆ ತನ್ನ ಕೃತಿಯ ಮೇಲೆ ಇರುವ ಹಕ್ಕು. ನಮ್ಮ ದೇಶದಲ್ಲಿ ಇದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯಿದೆ. ಲೇಖಕನ ಜೀವಿತಕಾಲವಿಡೀ ಮತ್ತು ಅವನು ತೀರಿಕೊಂಡ ನಂತರ 60 ವರ್ಷಗಳವರೆಗೆ ಈ ಹಕ್ಕು ಉಳಿಯುತ್ತದೆ. ತಿಳಿದೂ ತಿಳಿದೂ ಅದನ್ನು ಉಲ್ಲಂಘಿಸಿದರೆ ಕಾಯಿದೆಯ 63ನೇ ಕಲಮಿನ ಪ್ರಕಾರ 6 ತಿಂಗಳಿನಿಂದ 3 ವರ್ಷಗಳವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವೆಂದು ಕಂಡುಬಂದರೆ ಕಾರಣ ಬರೆದು ಶಿಕ್ಷೆಯನ್ನು ಕಡಿಮೆ ಮಾಡುವ ಅಧಿಕಾರ ಕೋರ್ಟಿಗಿದೆ. ಆದರೆ ಕೇಸಂತೂ ಕೇಸೇ. ಇದು ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ.

ಇದೆಲ್ಲ ದೂರದ ದಿಲ್ಲಿ, ಮುಂಬಯಿಗಳ ವಿಷಯವೆಂದು ತಿಳಿಯಬೇಡಿ. ನಮ್ಮ ನೆರೆಯ ಕೋಟದಲ್ಲಿ ಹುಟ್ಟಿದ ಡಾ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಬ್ಯಾಲೆಯ ಹೊಸ ರೂಪ ಕೊಟ್ಟರು. ಅವರು 1997ರಲ್ಲಿ ತೀರಿಕೊಂಡ ಮೇಲೆ ಆ ಪ್ರಯೋಗಗಳ ಹಕ್ಕು ಯಾರದು ಎಂಬ ವ್ಯಾಜ್ಯ ಹುಟ್ಟಿತು. ಒಂದು ಕಡೆ ಕಾರಂತರು ತಮ್ಮ ಮರಣಶಾಸನದಲ್ಲಿ ಹಕ್ಕು ಬರೆದುಕೊಟ್ಟಿದ್ದ ಮಾಲಿನಿ ಮಲ್ಯ, ಇನ್ನೊಂದು ಕಡೆ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್. ಉಡುಪಿಯಲ್ಲಿ ಶುರುವಾದ ಈ ಪ್ರಕರಣ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರ ಜನವರಿಯಲ್ಲಿ ತೀರ್ಮಾನವಾಯಿತು. ಮರಣಶಾಸನದ ಮೂಲಕ ಬಂದ ಹಕ್ಕನ್ನು ಕೋರ್ಟು ಎತ್ತಿಹಿಡಿಯಿತು. ಅದರೊಂದಿಗೆ, ವಿದ್ಯಾಸಂಸ್ಥೆಗಳಿಗೆ ಕಾನೂನು ಕೊಟ್ಟಿರುವ ವಿನಾಯಿತಿ ಈ ಪ್ರಯೋಗಗಳಿಗೂ ಅನ್ವಯಿಸುತ್ತದೆ ಎಂದೂ ಹೇಳಿತು. ಈ ವಿನಾಯಿತಿ ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಉದಾಹರಣೆ ನಮಗೆ ಮತ್ತಷ್ಟು ಹತ್ತಿರದ್ದು. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡದಲ್ಲಿ ಮುಸ್ಲಿಂ ಮಹಿಳೆಯ ಬದುಕನ್ನು ಬರೆದ ಸಾರಾ ಅಬೂಬಕ್ಕರ್ ಅವರ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ'. 2011ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದ 'ಬ್ಯಾರಿ' ಚಲನಚಿತ್ರವು ತನ್ನ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡಿದೆ ಎಂದು ಅವರು ಮಂಗಳೂರಿನ ನ್ಯಾಯಾಲಯಕ್ಕೆ ಹೋದರು. ಪ್ರಾಯದಲ್ಲಿ ಎಪ್ಪತ್ತು ದಾಟಿದ ಹೆಣ್ಣುಮಗಳೊಬ್ಬರು ಕೋರ್ಟಿನ ಮೆಟ್ಟಿಲು ಹತ್ತಿದ್ದು ದುಡ್ಡಿನ ಆಸೆಗಲ್ಲ. ನಾನು ಬರೆದದ್ದು ನನ್ನದು ಎಂಬ ಒಂದು ಮಾತಿಗಾಗಿ.

ಕನ್ನಡದಲ್ಲಿ ಒಂದು ಪುಸ್ತಕದ ಮೊದಲ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿ. ಕರ್ನಾಟಕದಲ್ಲಿ ಉರ್ದು ಪುಸ್ತಕಗಳ ಸ್ಥಿತಿ ಅದಕ್ಕಿಂತಲೂ ಕಷ್ಟ. ಹೀಗಿರುವಾಗ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹತ್ತು ಸಾವಿರ ಮಂದಿಯ ಗುಂಪಿಗೆ ಹಾಕಿದರೆ ಎರಡನೆಯ ಮುದ್ರಣ ಬರುವುದು ಹೇಗೆ? ದೊಡ್ಡ ಕಂಪನಿ ನಷ್ಟವನ್ನು ತಾಳಿಕೊಂಡೀತು. ನಮ್ಮ ಭಾಷೆಗಳ ಚಿಕ್ಕ ಪ್ರಕಾಶಕ ತಾಳಿಕೊಳ್ಳಲಾರ.

ಕೈಯಲ್ಲಿ ಮುಟ್ಟಲಾಗದ ವಸ್ತುವಿಗೆ ಒಡೆತನವುಂಟೇ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಮ್ಮ ವಿದ್ವಾಂಸರೂ ಚರ್ಚಿಸಿದ್ದಾರೆ. 1988ರ ಡಿಸೆಂಬರಿನಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಖ್‌ಹ್ ಅಕಾಡೆಮಿಯು ಗ್ರಂಥ ರಚನೆ, ಸಂಶೋಧನೆ ಮೊದಲಾದವುಗಳ ಹಕ್ಕನ್ನು ಶರೀಅತ್ ಮಾನ್ಯ ಮಾಡುತ್ತದೆ, ಅದನ್ನು ಅತಿಕ್ರಮಿಸುವಂತಿಲ್ಲ ಎಂದು ನಿರ್ಣಯಿಸಿತು. ಹಕ್ಕುಲ್ ಇಬಾದ್, ಅಂದರೆ ಮನುಷ್ಯರ ಮೇಲಿರುವ ಮನುಷ್ಯರ ಹಕ್ಕು ಎಂದು ಮದ್ರಸದಲ್ಲಿ ಕಲಿತವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೆಸರು ಮರೆಸುವುದು ತಪ್ಪೇ?

ಇನ್ನು ಅನಾಮಿಕತೆಯ ವಿಷಯ. ಹೆಸರು ಹೇಳದೆ ಮಾತಾಡುವವರೆಲ್ಲ ಕಳ್ಳರು ಎಂದು ನಾನು ಹೇಳುವುದಿಲ್ಲ. ನಮ್ಮ ಸಾಹಿತ್ಯದಲ್ಲೇ ಅದಕ್ಕೆ ದೊಡ್ಡ ಪರಂಪರೆಯಿದೆ. ಉರ್ದುವಿನಲ್ಲಿ ತಖಲ್ಲುಸ್ ಇಲ್ಲದ ಕವಿಯೇ ಅಪರೂಪ. ಮಿರ್ಜಾ ಅಸದುಲ್ಲಾ ಖಾನ್ ಎಂದರೆ ಎಷ್ಟೋ ಮಂದಿಗೆ ಗೊತ್ತಾಗದು, ಗಾಲಿಬ್ ಎಂದರೆ ಎಲ್ಲರಿಗೂ ಗೊತ್ತು. ಕನ್ನಡದಲ್ಲಿ ಪಂಜೆ ಮಂಗೇಶರಾಯರು 'ಕವಿಶಿಷ್ಯ'ರಾದರು, ಮಾಸ್ತಿಯವರು 'ಶ್ರೀನಿವಾಸ'ರಾದರು, ಅನಸೂಯಾ ಶಂಕರ್ ಅವರು 'ತ್ರಿವೇಣಿ'ಯಾದರು. ಕೃತಿಸ್ವಾಮ್ಯ ಕಾಯಿದೆ ಕೂಡ ಇದನ್ನು ಗೌರವಿಸುತ್ತದೆ. ಹೆಸರಿಲ್ಲದೆ ಅಥವಾ ಕಾವ್ಯನಾಮದಲ್ಲಿ ಪ್ರಕಟವಾದ ಕೃತಿಗೂ ಪ್ರಕಟವಾದಂದಿನಿಂದ ಲೆಕ್ಕ ಹಿಡಿದು 60 ವರ್ಷಗಳ ರಕ್ಷಣೆಯಿದೆ.

ಅಂತರ್ಜಾಲದಲ್ಲಂತೂ ಹೆಸರು ಮುಚ್ಚಿಡುವುದು ಕೆಲವರಿಗೆ ಅಗತ್ಯವೇ ಆಗಿದೆ. ತನ್ನ ಫೋಟೋ, ಫೋನ್ ನಂಬರ್ ಯಾರ ಕೈಗೂ ಸಿಗಬಾರದೆಂದು ಬಯಸುವ ಹೆಣ್ಣುಮಗಳಿದ್ದಾಳೆ. ಕಚೇರಿಯ ಲಂಚವನ್ನು ಬಯಲು ಮಾಡುವ ಗುಮಾಸ್ತನಿದ್ದಾನೆ. ಮನೆಯಲ್ಲಿ ಹೇಳಿಕೊಳ್ಳಲಾಗದ ಕಾಯಿಲೆಯ ಬಗ್ಗೆ ಕೇಳುವ ರೋಗಿಯಿದ್ದಾನೆ. ಇವರಿಗೆ ಪರದೆ ಬೇಕು. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದ ತೀರ್ಪು ಕೊಟ್ಟಿತು. ಆ ಪ್ರಕರಣ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಆದರೆ ಪರದೆ ಇರುವುದು ಮರ್ಯಾದೆ ಕಾಯಲು, ಪಕ್ಕದ ಮನೆಯ ಹಿತ್ತಿಲಿಗೆ ನುಗ್ಗಲು ಅಲ್ಲ. ಖಾಸಗಿತನದ ಹಕ್ಕೂ ಇತರ ಹಕ್ಕುಗಳಂತೆ ಮಿತಿಯುಳ್ಳದ್ದು. ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ ಮತ್ತು ತಕ್ಕ ಪ್ರಮಾಣ ಇವಿಷ್ಟಿದ್ದರೆ ಅದನ್ನು ಮಿತಗೊಳಿಸಬಹುದು ಎಂದು ಆ ತೀರ್ಪಿನಲ್ಲೇ ಇದೆ.

ಪರದೆ ಎಷ್ಟು ತೆಳು?

ಯಾರು ಹಿಡಿಯುತ್ತಾರೆ ಎಂಬ ಪ್ರಶ್ನೆಗೆ ಬರೋಣ. ನೀವು ಇಂಟರ್‌ನೆಟ್‌ಗೆ ಹೋದಾಗಲೆಲ್ಲ ನಿಮ್ಮ ಸಂಪರ್ಕಕ್ಕೆ ಐ.ಪಿ. ವಿಳಾಸ ಎಂಬ ಒಂದು ಸಂಖ್ಯೆ ಸಿಗುತ್ತದೆ. ಇದನ್ನು ಮನೆಯ ಡೋರ್ ನಂಬರಿಗೆ ಹೋಲಿಸುವುದುಂಟು, ಆದರೆ ಲಾಡ್ಜಿನ ರೂಮ್ ನಂಬರಿಗೆ ಹೋಲಿಸುವುದು ಹೆಚ್ಚು ಸರಿ. ಇಂದು ಆ ರೂಮಿನಲ್ಲಿ ನೀವು, ನಾಳೆ ಇನ್ನೊಬ್ಬರು. ಯಾವ ದಿನ, ಎಷ್ಟು ಹೊತ್ತಿಗೆ, ಯಾರಿಗೆ ಕೊಡಲಾಗಿತ್ತು ಎಂಬುದು ಲಾಡ್ಜಿನ ರಿಜಿಸ್ಟರಿನಲ್ಲಿರುತ್ತದೆ. ಇಲ್ಲಿ ರಿಜಿಸ್ಟರ್ ಇಟ್ಟುಕೊಳ್ಳುವವರು ಮೊಬೈಲ್ ಕಂಪನಿಯವರು. ಈ ದಾಖಲೆಯನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕೆಂದು ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಲೈಸೆನ್ಸಿನ ಷರತ್ತನ್ನು ಬದಲಿಸಿತು. ಸಿಮ್ ಕಾರ್ಡು ಪಡೆಯುವಾಗ ಕೊಟ್ಟ ಗುರುತಿನ ಚೀಟಿ ಅಲ್ಲಿದೆ. ಚಾನೆಲಿನವನು ನೂರು ರೂಪಾಯಿ ಗೂಗಲ್ ಪೇ ಮಾಡಿಸಿಕೊಂಡಿದ್ದರೆ ಅವನ ಬ್ಯಾಂಕ್ ಖಾತೆಯ ಹೆಸರೂ ಅಲ್ಲಿದೆ. ವಿ.ಪಿ.ಎನ್. ಎಂಬ ಸುತ್ತುದಾರಿ ಹಿಡಿಯುವವರಿದ್ದಾರೆ. ಅಂಥ ಸೇವೆ ಕೊಡುವವರೂ ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು 2022ರ ಏಪ್ರಿಲಿನಲ್ಲಿ ಕೇಂದ್ರದ ಆದೇಶ ಬಂತು. ಕೆಲವು ವಿದೇಶಿ ಕಂಪನಿಗಳು ಅದಕ್ಕೊಪ್ಪದೆ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನೇ ತೆಗೆದವು.

ಪರದೆ ತೆಳುವಾಗಿದೆ ಎಂದ ಮಾತ್ರಕ್ಕೆ ಅದರ ಹಿಂದೆ ಕಂಡ ನೆರಳು ತಪ್ಪಿತಸ್ಥನದೇ ಎಂದು ಹೇಳಲಾಗದು. ಇದಕ್ಕೆ ಬೆಂಗಳೂರಿನ ಒಂದು ಪ್ರಕರಣ ಸಾಕ್ಷಿ. 2007ರ ಆಗಸ್ಟಿನಲ್ಲಿ, ಆರ್ಕುಟ್‌ನಲ್ಲಿ ಛತ್ರಪತಿ ಶಿವಾಜಿಯವರ ಬಗ್ಗೆ ಅವಹೇಳನಕಾರಿ ಚಿತ್ರ ಹಾಕಿದ ಆರೋಪದ ಮೇಲೆ ಪುಣೆಯ ಪೊಲೀಸರು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರನ್ನು ಬಂಧಿಸಿದರು. ಆಧಾರ ಒಂದು ಐ.ಪಿ. ವಿಳಾಸ ಮಾತ್ರ. ಇಂಟರ್‌ನೆಟ್ ಕಂಪನಿ ಕೊಟ್ಟ ವಿವರವೇ ತಪ್ಪಾಗಿತ್ತು ಎಂದು ಗೊತ್ತಾಗುವಷ್ಟರಲ್ಲಿ ಆ ನಿರಪರಾಧಿ ಯೆರವಡಾ ಜೈಲಿನಲ್ಲಿ 50 ದಿನ ಕಳೆದಿದ್ದರು. ಅದು ಕೃತಿಸ್ವಾಮ್ಯದ ಕೇಸಲ್ಲ, ಆದರೆ ಹುಡುಕುವ ವಿಧಾನ ಒಂದೇ. ಮೊಬೈಲ್ ಜಾಲಗಳಲ್ಲಿ ಒಂದೇ ಹೊತ್ತಿಗೆ ಅನೇಕ ಗ್ರಾಹಕರು ಒಂದೇ ಐ.ಪಿ. ವಿಳಾಸವನ್ನು ಹಂಚಿಕೊಂಡಿರುವುದೂ ಉಂಟು. ಆದ್ದರಿಂದಲೇ ಹೆಸರು ಬಯಲು ಮಾಡುವ ಅಧಿಕಾರ ಕಂಪನಿಗಳ ಕೈಯಲ್ಲಿರದೆ, ವಿಚಾರಣೆ ಮಾಡಿ ನಿರ್ಧರಿಸುವ ನ್ಯಾಯಾಲಯದ ಕೈಯಲ್ಲಿರಬೇಕು ಎಂದು ನನ್ನ ಅಭಿಪ್ರಾಯ.

ಹೆಸರಿಲ್ಲದವನ ಮೇಲೆ ದಾವೆ

ಹೆಸರೇ ಗೊತ್ತಿಲ್ಲದವನ ಮೇಲೆ ದಾವೆ ಹೂಡುವುದು ಹೇಗೆ ಎಂದು ಮಕ್ಕಳಿಗೆ ಆಶ್ಚರ್ಯವಾಗಬಹುದು. ಅಮೆರಿಕದಲ್ಲಿ ಇಂಥ ಅಜ್ಞಾತ ಪ್ರತಿವಾದಿಯನ್ನು 'ಜಾನ್ ಡೋ' ಎನ್ನುತ್ತಾರೆ. ನಮ್ಮ ಕೋರ್ಟುಗಳು ಅವನಿಗೆ 'ಅಶೋಕ್ ಕುಮಾರ್' ಎಂದು ನಾಮಕರಣ ಮಾಡಿವೆ. ಯಾವ ತಪ್ಪೂ ಮಾಡದ ನಿಜವಾದ ಅಶೋಕ್ ಕುಮಾರರು ಕ್ಷಮಿಸಬೇಕು!

ಅಮೆರಿಕದ ಹಾಡಿನ ಕಂಪನಿಗಳ ಒಕ್ಕೂಟ 2003ರ ಸೆಪ್ಟೆಂಬರಿನಲ್ಲಿ ಒಂದೇ ಸಲಕ್ಕೆ 261 ಮಂದಿಯ ಮೇಲೆ ದಾವೆ ಹೂಡಿತು. ಅವರಲ್ಲಿ ನ್ಯೂಯಾರ್ಕಿನ 12 ವರ್ಷದ ಬಾಲಕಿಯೂ ಇದ್ದಳು. ಆಕೆಯ ತಾಯಿ 2,000 ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಕೋರ್ಟಿನಲ್ಲಿ ದಾವೆ ಹೂಡದೆ, ಬರೀ ಒಂದು ಸಮನ್ಸ್ ಚೀಟಿಯಿಂದ ಗ್ರಾಹಕರ ಹೆಸರು ಕೊಡಿ ಎಂದು ಇಂಟರ್‌ನೆಟ್ ಕಂಪನಿಯನ್ನು ಕೇಳುವಂತಿಲ್ಲ ಎಂದು ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಆಮೇಲೆ ಜಾನ್ ಡೋ ದಾವೆಗಳು ಸಾವಿರಗಟ್ಟಲೆ ಬಂದವು. 2005ರಲ್ಲಿ ಪಶ್ಚಿಮ ವರ್ಜೀನಿಯಾದ 83 ವರ್ಷದ ಅಜ್ಜಿಯೊಬ್ಬರ ಮೇಲೂ ದಾವೆ ಬಿತ್ತು. ಪಾಪ, ಅವರು ಅಷ್ಟರಲ್ಲಿ ತೀರಿಕೊಂಡಿದ್ದರು. ಬದುಕಿದ್ದಾಗ ಕಂಪ್ಯೂಟರೆಂದರೆ ಅವರಿಗೆ ಆಗುತ್ತಿರಲಿಲ್ಲವಂತೆ. 24 ಹಾಡು ಹಂಚಿದ ಮಿನ್ನೆಸೋಟಾದ ಮಹಿಳೆಯೊಬ್ಬರಿಗೆ ಬಿದ್ದ ಪರಿಹಾರದ ಮೊತ್ತ, ಅನೇಕ ಸುತ್ತಿನ ವಿಚಾರಣೆಯ ಬಳಿಕ, 2012ರಲ್ಲಿ 2,22,000 ಡಾಲರಿಗೆ ನಿಂತಿತು. ಜನರ ಕೋಪ ಗಳಿಸಿದ್ದೇ ಹೊರತು ಕಳ್ಳಪ್ರತಿ ನಿಲ್ಲಲಿಲ್ಲ ಎಂದು ಕಂಡುಕೊಂಡ ಕಂಪನಿಗಳು ಸಾಮೂಹಿಕ ದಾವೆಗಳನ್ನು 2008ರಲ್ಲೇ ಕೈಬಿಟ್ಟಿದ್ದವು.

ಭಾರತದಲ್ಲಿ ಇಂಥ ಆದೇಶ ಮೊದಲು ಬಂದದ್ದು 2002ರಲ್ಲಿ, ವಿಶ್ವಕಪ್ ಫುಟ್‌ಬಾಲ್ ಪ್ರಸಾರವನ್ನು ಕೇಬಲ್‌ನವರು ಕದ್ದು ತೋರಿಸುತ್ತಾರೆಂದು ಟೆನ್ ಸ್ಪೋರ್ಟ್ಸ್ ಚಾನೆಲಿನವರು ದಿಲ್ಲಿ ಹೈಕೋರ್ಟಿಗೆ ಹೋದಾಗ. ಆಮೇಲೆ ಸಿನೆಮಾದವರು ಈ ದಾರಿ ಹಿಡಿದರು. ಅದು ಅತಿಯಾದದ್ದೂ ಉಂಟು. 'ಕೊಲವೆರಿ' ಹಾಡಿನಿಂದ ಹೆಸರಾದ ತಮಿಳಿನ '3' ಚಿತ್ರಕ್ಕಾಗಿ 2012ರಲ್ಲಿ ಮದ್ರಾಸ್ ಹೈಕೋರ್ಟಿನಿಂದ ತಂದ ಆದೇಶವನ್ನು ಹಿಡಿದು ಇಂಟರ್‌ನೆಟ್ ಕಂಪನಿಗಳು, ಯಾವ ತಪ್ಪೂ ಇಲ್ಲದ ಸಾವಿರಾರು ವಿಡಿಯೋಗಳಿದ್ದ ತಾಣಗಳನ್ನು ಪೂರ್ತಿಯಾಗಿ ಮುಚ್ಚಿಬಿಟ್ಟವು. ಕದ್ದ ಪ್ರತಿ ಇರುವ ನಿರ್ದಿಷ್ಟ ಪುಟವನ್ನು ಮಾತ್ರ ಮುಚ್ಚಬೇಕು, ಇಡೀ ತಾಣವನ್ನಲ್ಲ ಎಂದು ಜೂನ್ ತಿಂಗಳಲ್ಲಿ ಕೋರ್ಟು ಸ್ಪಷ್ಟನೆ ಕೊಡಬೇಕಾಯಿತು.

ನಮ್ಮ ರಾಜ್ಯದಲ್ಲಿ

ಕರ್ನಾಟಕದ ಸಂಗತಿ ನಮ್ಮ ಯುವಕರು ವಿಶೇಷವಾಗಿ ತಿಳಿದಿರಬೇಕು. ಸಾಮಾನ್ಯವಾಗಿ ಗೂಂಡಾ ಕಾಯಿದೆ ಎಂದು ಕರೆಯುವ 1985ರ ಕಾಯಿದೆಗೆ 2014ರಲ್ಲಿ ತಿದ್ದುಪಡಿ ತಂದು 'ಡಿಜಿಟಲ್ ಅಪರಾಧಿ' ಎಂಬ ಹೊಸ ವರ್ಗವನ್ನು ಸೇರಿಸಲಾಯಿತು. ಪುಸ್ತಕ, ಸಂಗೀತ, ಸಿನೆಮಾ, ಸಾಫ್ಟ್‌ವೇರ್ ಮೊದಲಾದವುಗಳ ಕೃತಿಸ್ವಾಮ್ಯವನ್ನು ವ್ಯಾಪಾರದ ಉದ್ದೇಶಕ್ಕಾಗಿ ತಿಳಿದೂ ಉಲ್ಲಂಘಿಸುವವನು ಈ ವರ್ಗಕ್ಕೆ ಸೇರುತ್ತಾನೆ. ಅಪರಾಧ ಸಾಬೀತಾಗುವ ಮೊದಲೇ, ಮುಂಜಾಗ್ರತೆಯೆಂದು, ಒಂದು ವರ್ಷದವರೆಗೆ ಬಂಧನದಲ್ಲಿಡಲು ಈ ಕಾಯಿದೆಯಲ್ಲಿ ಅವಕಾಶವಿದೆ. ಆಸಿಡ್ ಎರಚುವವರ ಸಾಲಿನಲ್ಲೇ ಪುಸ್ತಕದ ನಕಲು ಮಾರುವವರನ್ನೂ ನಿಲ್ಲಿಸಿದ್ದು ನ್ಯಾಯವೇ ಎಂದು ಆಗಲೇ ಅನೇಕರು ಪ್ರಶ್ನಿಸಿದರು. ನನಗೂ ಅದು ತೂಕ ಮೀರಿದ ಶಿಕ್ಷೆ ಎಂದೇ ಕಾಣುತ್ತದೆ. ಆದರೆ ಕಾನೂನು ಕಠಿಣವಾಗಿದೆ ಎಂದು ಬೈಯುವುದರಿಂದ ಅದರ ಕೈಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

2019ರ ಸೆಪ್ಟೆಂಬರಿನಲ್ಲಿ ಸುದೀಪ್ ನಟಿಸಿದ 'ಪೈಲ್ವಾನ್' ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಅದರ ಕಳ್ಳಪ್ರತಿಯ ಲಿಂಕನ್ನು ಫೇಸ್‌ಬುಕ್‌ನಲ್ಲಿ ಹಂಚಿದ ಆರೋಪದ ಮೇಲೆ ಬೆಂಗಳೂರಿನ ಪೊಲೀಸರು ಯುವಕನೊಬ್ಬನನ್ನು ಬಂಧಿಸಿದರು. 2024ರ ಅಕ್ಟೋಬರಿನಲ್ಲಿ ಮಲಯಾಳಂನ 'ಎ.ಆರ್.ಎಂ.' ಚಿತ್ರವನ್ನು ಟಾಕೀಸಿನಲ್ಲಿ ಕದ್ದು ಚಿತ್ರೀಕರಿಸಿದ ಇಬ್ಬರನ್ನು ಕೊಚ್ಚಿಯ ಸೈಬರ್ ಪೊಲೀಸರು ಹಿಡಿದದ್ದೂ ಬೆಂಗಳೂರಿನಲ್ಲೇ. ಇಂದಿನ ಡಿಜಿಟಲ್ ಸಿನೆಮಾದಲ್ಲಿ ನಮ್ಮ ಕಣ್ಣಿಗೆ ಕಾಣದ ಗುರುತೊಂದು ಇರುತ್ತದೆ. ಕದ್ದ ಪ್ರತಿಯನ್ನು ಪರೀಕ್ಷಿಸಿದರೆ ಯಾವ ಟಾಕೀಸಿನಲ್ಲಿ, ಯಾವ ಆಟದಲ್ಲಿ ತೆಗೆದದ್ದು ಎಂದು ತಿಳಿಯುತ್ತದೆ. 2023ರಲ್ಲಿ ತಿದ್ದುಪಡಿಯಾದ ಸಿನಿಮಟೋಗ್ರಾಫ್ ಕಾಯಿದೆಯ ಪ್ರಕಾರ ಹೀಗೆ ಚಿತ್ರೀಕರಿಸಿದವನಿಗೆ 3 ತಿಂಗಳಿನಿಂದ 3 ವರ್ಷ ಜೈಲು ಮತ್ತು ಕನಿಷ್ಠ 3 ಲಕ್ಷ ರೂಪಾಯಿ ದಂಡ. ದಂಡವು ಚಿತ್ರದ ನಿರ್ಮಾಣ ವೆಚ್ಚದ ಶೇಕಡಾ 5ರವರೆಗೂ ಏರಬಹುದು.

ಪೋಷಕರಲ್ಲಿ ಒಂದು ಮಾತು. ಬೈಂದೂರು, ಕುಂದಾಪುರ ಕಡೆಯ ನಮ್ಮ ಎಷ್ಟೋ ಮನೆಗಳು ಗಲ್ಫಿನ ದುಡಿಮೆಯನ್ನು ನೆಚ್ಚಿಕೊಂಡಿವೆ. ಕ್ರಿಮಿನಲ್ ಕೇಸು ಕೋರ್ಟಿನಲ್ಲಿ ಬಾಕಿಯಿದ್ದರೆ ಪಾಸ್‌ಪೋರ್ಟಿಗೆ ಕೋರ್ಟಿನ ಅನುಮತಿ ಬೇಕು. ವೀಸಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಅಲ್ಲೂ ತೊಡಕು. ಹದಿನೆಂಟು ಹತ್ತೊಂಬತ್ತರ ಹುಡುಗ ಚಾನೆಲಿಗೆ ಸದಸ್ಯರು ಹೆಚ್ಚಾಗಲಿ ಎಂದು ಹಾಕಿದ ನಾಲ್ಕು ಸಿನೆಮಾ, ಹತ್ತು ಪುಸ್ತಕ ಅವನ ಇಪ್ಪತ್ತೈದನೆಯ ವಯಸ್ಸಿನ ಅನ್ನಕ್ಕೆ ಅಡ್ಡ ಬರಬಾರದು.

ಒಂದೇ ಕೋರ್ಟು, ಎರಡು ಪ್ರಕರಣ

ಈಗ ಇಂದಿನ ಭಾಷಣದ ಮುಖ್ಯ ಮಾತಿಗೆ ಬರುತ್ತೇನೆ. ದಿಲ್ಲಿ ಹೈಕೋರ್ಟಿನ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಎರಡೂ ವಿದ್ಯಾರ್ಥಿಗಳಿಗೆ ಸಂಬಂಧಿಸಿದವು.

ಮೊದಲನೆಯದು ನೀತು ಸಿಂಗ್ ಎಂಬ ಅಧ್ಯಾಪಕಿಯ ಪ್ರಕರಣ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಇಂಗ್ಲಿಷ್ ಕಲಿಸುವ ಅವರ ಪುಸ್ತಕಗಳನ್ನೂ ಪಾಠದ ವಿಡಿಯೋಗಳನ್ನೂ ಟೆಲಿಗ್ರಾಂ ಚಾನೆಲುಗಳಲ್ಲಿ ಯಾರು ಯಾರೋ ಹಂಚುತ್ತಿದ್ದರು. ಒಂದು ಚಾನೆಲ್ ಮುಚ್ಚಿಸಿದರೆ ಇನ್ನೊಂದು ಹುಟ್ಟುತ್ತಿತ್ತು. ಅವರು 2020ರಲ್ಲಿ ಕೋರ್ಟಿಗೆ ಹೋದರು. ನಮ್ಮ ಸರ್ವರುಗಳು ಸಿಂಗಾಪುರದಲ್ಲಿವೆ, ಅಲ್ಲಿನ ಕಾನೂನಿನಂತೆ ಬಳಕೆದಾರರ ಹೆಸರು ಕೊಡಲಾಗದು ಎಂದು ಟೆಲಿಗ್ರಾಂ ವಾದಿಸಿತು. 2022ರ ಆಗಸ್ಟ್ 30ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಆ ವಾದವನ್ನು ತಳ್ಳಿಹಾಕಿ, ಚಾನೆಲ್ ನಡೆಸುವವರ ಫೋನ್ ನಂಬರ್, ಐ.ಪಿ. ವಿಳಾಸ, ಇಮೇಲ್ ವಿವರ ಕೊಡಬೇಕೆಂದು ಆದೇಶಿಸಿದರು. ತಪ್ಪು ಮಾಡಿ ಅದರ ಪರಿಣಾಮದಿಂದ ಪಾರಾಗಲು ಖಾಸಗಿತನದ ಹಕ್ಕನ್ನಾಗಲಿ ವಾಕ್‌ಸ್ವಾತಂತ್ರ್ಯವನ್ನಾಗಲಿ ಗುರಾಣಿ ಮಾಡಿಕೊಳ್ಳುವಂತಿಲ್ಲ ಎಂಬುದು ಆ ಆದೇಶದ ತಿರುಳು. ನವೆಂಬರ್ ಹೊತ್ತಿಗೆ ಟೆಲಿಗ್ರಾಂ ವಿವರಗಳನ್ನು ಕೋರ್ಟಿಗೆ ಒಪ್ಪಿಸಿತು. ಆ ವಿವರಗಳನ್ನು ಈ ಪ್ರಕರಣದ ಕೆಲಸಕ್ಕಲ್ಲದೆ ಬೇರೆಯವರಿಗೆ ಬಹಿರಂಗಪಡಿಸಬಾರದು ಎಂದೂ ಕೋರ್ಟು ಎಚ್ಚರಿಸಿತು. ಪರದೆಯನ್ನು ಎಷ್ಟು ಬೇಕೋ ಅಷ್ಟೇ ಸರಿಸಿದ ರೀತಿ ಇದು.

ಎರಡನೆಯದು ಅದಕ್ಕಿಂತ ಮೊದಲಿನದು. ದಿಲ್ಲಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ರಾಮೇಶ್ವರಿ ಫೋಟೋಕಾಪಿ ಎಂಬ ಜೆರಾಕ್ಸ್ ಅಂಗಡಿಯಿತ್ತು. ಅಧ್ಯಾಪಕರು ಹೇಳಿದ ಪುಸ್ತಕಗಳ ಬೇಕಾದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ, ಕಟ್ಟು ಕಟ್ಟಿ, ಅದು ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಗಳು ಈ ಚಿಕ್ಕ ಅಂಗಡಿಯ ಮೇಲೂ ವಿಶ್ವವಿದ್ಯಾನಿಲಯದ ಮೇಲೂ ದಾವೆ ಹೂಡಿದವು. ಅಂಗಡಿಯವನು ಬಾಗಿಲು ಹಾಕಿ ಓಡಿಹೋಗಲಿಲ್ಲ. ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡು, ತಮ್ಮ ಹೆಸರು ಹೇಳಿಕೊಂಡೇ, ನಮ್ಮನ್ನೂ ಕೇಳಿ ಎಂದು ಕೋರ್ಟಿನ ಮುಂದೆ ನಿಂತರು. ಕಾಯಿದೆಯ 52ನೇ ಕಲಮಿನಲ್ಲಿ ಒಂದು ವಿನಾಯಿತಿಯಿದೆ: ಪಾಠ ಹೇಳುವ ಸಂದರ್ಭದಲ್ಲಿ ಶಿಕ್ಷಕ ಅಥವಾ ವಿದ್ಯಾರ್ಥಿ ಕೃತಿಯ ಪ್ರತಿ ಮಾಡಿಕೊಂಡರೆ ಅದು ಉಲ್ಲಂಘನೆಯಲ್ಲ. ಅವರು ಅದನ್ನೇ ಮುಂದಿಟ್ಟರು. 2016ರ ಸೆಪ್ಟೆಂಬರ್ 16ರಂದು ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಕೃತಿಸ್ವಾಮ್ಯ ದೈವದತ್ತ ಹಕ್ಕಲ್ಲ, ಜ್ಞಾನ ಬೆಳೆಯಲೆಂದು ಕಾನೂನು ಕೊಟ್ಟ ಹಕ್ಕು ಎಂಬ ಅರ್ಥದ ಮಾತು ಅದರಲ್ಲಿದೆ. ಡಿಸೆಂಬರಿನಲ್ಲಿ ಮೇಲಿನ ಪೀಠವೂ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಆ ಅಧ್ಯಾಯಗಳು ಪಾಠಕ್ಕೆ ನಿಜವಾಗಿ ಬೇಕಿದ್ದವೇ ಎಂಬುದನ್ನು ವಿಚಾರಣೆಗೆ ಬಿಟ್ಟಿತು. 2017ರ ಮಾರ್ಚಿನಲ್ಲಿ ಪ್ರಕಾಶಕರೇ ದಾವೆಯನ್ನು ಹಿಂತೆಗೆದುಕೊಂಡರು.

ಮಕ್ಕಳೇ, ಇದನ್ನು ಚೆನ್ನಾಗಿ ಗಮನಿಸಿ. ಎರಡೂ ಕಡೆ ನಡೆದದ್ದು ಪುಸ್ತಕದ ನಕಲು ಮಾಡುವ ಕೆಲಸವೇ. ಹೆಸರು ಮರೆಸಿ, ಒಬ್ಬ ಅಧ್ಯಾಪಕಿಯ ಇಡೀ ಪುಸ್ತಕವನ್ನು ಊರಿಗೆಲ್ಲ ಹಂಚಿದವರು ಹೆಸರೂ ಕಳೆದುಕೊಂಡರು, ವಾದಿಸಲು ಅವರ ಬಳಿ ನ್ಯಾಯವೂ ಇರಲಿಲ್ಲ. ಪಾಠಕ್ಕೆ ಎಷ್ಟು ಬೇಕೋ ಅಷ್ಟನ್ನು, ಹಗಲು ಹೊತ್ತಿನಲ್ಲಿ, ಬೋರ್ಡು ಹಾಕಿಕೊಂಡು ಮಾಡಿದವರು ತಮಗೆ ಮಾತ್ರವಲ್ಲ, ದೇಶದ ಎಲ್ಲ ಬಡ ವಿದ್ಯಾರ್ಥಿಗಳಿಗೂ ಒಂದು ಹಕ್ಕನ್ನು ಗೆದ್ದುಕೊಟ್ಟರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಲೋಕವೆಲ್ಲ ಕತ್ತಲೆಯಂತೆ. ನ್ಯಾಯವಾಗಿ ನಮ್ಮ ಪಾಲಿಗೆ ಬರಬೇಕಾದ ಹಾಲು ಇರುವಾಗ ಬೆಕ್ಕಿನ ವೇಷ ನಮಗೇಕೆ?

ತೆರೆದ ಬಾಗಿಲುಗಳು

ಹಾಗಾದರೆ ದುಡ್ಡಿಲ್ಲದ ವಿದ್ಯಾರ್ಥಿ ಏನು ಮಾಡಬೇಕು ಎಂಬ ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ತೆರೆದ ಬಾಗಿಲುಗಳು ಎಷ್ಟೋ ಇವೆ, ನಾವು ತಟ್ಟಿ ನೋಡಿಲ್ಲ.

ಮೊದಲನೆಯದು, 60 ವರ್ಷ ಕಳೆದ ಕೃತಿಗಳು ಎಲ್ಲರ ಸೊತ್ತು. ಪಂಜೆಯವರು ತೀರಿಕೊಂಡದ್ದು 1937ರಲ್ಲಿ, ಇಕ್ಬಾಲ್ ತೀರಿಕೊಂಡದ್ದು 1938ರಲ್ಲಿ. ಇವರ ಪದ್ಯಗಳನ್ನು ಶಾಲೆಯಲ್ಲಿ ಅಚ್ಚು ಹಾಕಲು, ಹಾಡಲು, ಹಂಚಲು ಯಾರ ಅನುಮತಿಯೂ ಬೇಡ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಮುಕ್ತವಾಗಿವೆ. ಆದರೆ ಕುವೆಂಪು ಅವರ ಕೃತಿಗಳು 2054ರ ಕೊನೆಯವರೆಗೆ, ಕಾರಂತರ ಕೃತಿಗಳು 2057ರ ಕೊನೆಯವರೆಗೆ ಹಾಗಲ್ಲ.

ಎರಡನೆಯದು, ಉಚಿತವಾಗಿ ಕೊಡಲೆಂದೇ ಇಟ್ಟಿರುವವು. ರಾಜ್ಯದ ಪಠ್ಯಪುಸ್ತಕಗಳೂ ಎನ್.ಸಿ.ಇ.ಆರ್.ಟಿ. ಪುಸ್ತಕಗಳೂ ಸರಕಾರದ ತಾಣಗಳಲ್ಲಿವೆ. ಖರಗ್‌ಪುರದ ಐ.ಐ.ಟಿ. ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. ಕನ್ನಡಕ್ಕೆ ಕಣಜ, ಭಾರತವಾಣಿ, ಉರ್ದುವಿಗೆ ರೇಖ್ತಾ ಇವೆ. ಕನ್ನಡ ಟೈಪು ಮಾಡಲು ಕದ್ದ ತಂತ್ರಾಂಶ ಬೇಡ, ಸರಕಾರವೇ ಕೊಡುವ ನುಡಿ ಇದೆ. ಗ್ರಾಮ ಪಂಚಾಯತಿನ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿಗೆ ಹೋಗಿ ಬೇಕಾದ ಪುಸ್ತಕದ ಹೆಸರು ಬರೆದುಕೊಡಿ, ಕೇಳದೆ ಯಾರೂ ತರಿಸುವುದಿಲ್ಲ.

ಮೂರನೆಯದು, ಕಾಲೇಜಿನವರಿಗೆ. ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳು 13,000ದಷ್ಟು ವಿದ್ವತ್ ಪತ್ರಿಕೆಗಳನ್ನು ಉಚಿತವಾಗಿ ಓದುವಂತೆ 'ಒಂದು ರಾಷ್ಟ್ರ ಒಂದು ಚಂದಾ' ಎಂಬ ಯೋಜನೆಗೆ ಕೇಂದ್ರ ಸರಕಾರ 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಗೊತ್ತುಪಡಿಸಿತು. ನಿಮ್ಮ ಕಾಲೇಜು ಅದರಲ್ಲಿದೆಯೇ ಎಂದು ಗ್ರಂಥಪಾಲಕರಲ್ಲಿ ವಿಚಾರಿಸಿ.

ನಾಲ್ಕನೆಯದು, ನಾನು ಆಗಲೇ ಹೇಳಿದ 52ನೇ ಕಲಮು. ಪಾಠಕ್ಕೆ ಬೇಕಾದ ಭಾಗವನ್ನು ಜೆರಾಕ್ಸ್ ಮಾಡಿಕೊಳ್ಳಿ, ಶಿಕ್ಷಕರು ತರಗತಿಯ ಮಕ್ಕಳಿಗೆ ಕೊಡಲಿ, ಅದರಲ್ಲಿ ಅಳುಕು ಬೇಡ. ಕಣ್ಣು ಕಾಣದ ವಿದ್ಯಾರ್ಥಿಗಾಗಿ ಪುಸ್ತಕವನ್ನು ಓದಿ ಧ್ವನಿಮುದ್ರಿಸುವುದಕ್ಕೂ 2012ರ ತಿದ್ದುಪಡಿಯಲ್ಲಿ ಅವಕಾಶವಿದೆ. ಆದರೆ ಪಾಠದ ವಿನಾಯಿತಿ ಪಾಠಕ್ಕೆ ಮಾತ್ರ. ಇಡೀ ಪುಸ್ತಕವನ್ನು ಅಪರಿಚಿತರ ಚಾನೆಲಿಗೆ ಹಾಕಲು ಅದು ರಹದಾರಿಯಲ್ಲ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ಪ್ರತಿ ವರ್ಷ ನೀವು ವಿದ್ಯಾರ್ಥಿವೇತನ ಕೊಡುತ್ತೀರಿ, ಪ್ರತಿಭಾ ಪುರಸ್ಕಾರ ಮಾಡುತ್ತೀರಿ. ಅದರೊಂದಿಗೆ ಒಂದು ಪುಸ್ತಕ ಬ್ಯಾಂಕನ್ನು ಶುರು ಮಾಡಿ. ಪಿ.ಯು.ಸಿ., ಸಿ.ಇ.ಟಿ., ನೀಟ್ ಪುಸ್ತಕಗಳನ್ನು ವರ್ಷದ ಕೊನೆಗೆ ಮಕ್ಕಳಿಂದ ಹಿಂದಕ್ಕೆ ಪಡೆದು ಮುಂದಿನವರಿಗೆ ಕೊಡಿ. ಕೊಂಡ ಪುಸ್ತಕವನ್ನು ಎರವಲು ಕೊಡುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಒಂದು ಪುಸ್ತಕ ಐದು ಮಕ್ಕಳ ಕೈ ದಾಟಿದರೆ ಐದು ಮನೆಗಳ ಖರ್ಚು ಉಳಿಯಿತು. ಕದಿಯಬೇಡಿ ಎಂದು ಮಕ್ಕಳಿಗೆ ಹೇಳುವ ನಾವು, ಕದಿಯಬೇಕಾದ ಅಗತ್ಯವೇ ಬಾರದಂತೆ ನೋಡಿಕೊಳ್ಳುವುದೂ ನಮ್ಮ ಜವಾಬ್ದಾರಿ ಎಂದರೆ ತಪ್ಪಾಗಲಾರದು.

ವಿದ್ಯಾರ್ಥಿಗಳೇ, ಅಂತರ್ಜಾಲದಲ್ಲಿ ನಿಮ್ಮ ಹೆಸರನ್ನು ಕಾಪಾಡಿಕೊಳ್ಳಿ. ಅಪರಿಚಿತರಿಗೆ ಅದನ್ನು ಕೊಡಬೇಡಿ, ಅದು ನಿಮ್ಮ ಹಕ್ಕು. ಆದರೆ ಒಂದು ಫೈಲನ್ನು ಮುಂದಕ್ಕೆ ಕಳಿಸುವ ಮೊದಲು, ಇದರ ಮೇಲೆ ನನ್ನ ಹೆಸರು ಬರೆದು ಕಳಿಸಲು ನನಗೆ ಧೈರ್ಯವಿದೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಇದೆ ಎಂದಾದರೆ ಕಳಿಸಿ. ಇಲ್ಲವಾದರೆ ಉತ್ತರ ನಿಮಗೇ ಸಿಕ್ಕಿತು.